ಹನ್ನೆರಡಕ್ಕೆ ಅಳಿಯಬೇಕಿದ್ದ ಭಾನುವಾರ

ಸಿಂಗಟಗೆರೆಯಲ್ಲಿ ನಾದಿನಿಯ ಮಗುವಿಗೆ ಹೆಸರಿಡುವ ದಿನ. ತೊಟ್ಟಿಲ ಹಗ್ಗಕ್ಕೆ ಸೇವಂತಿಗೆ ಸುತ್ತುತ್ತಾ ಕುಳಿತಿದ್ದೆ. ಹತ್ತೂ ಮುಕ್ಕಾಲಿಗೆ ಸಿಸ್ಟರ್ ಫೋನು ಮಾಡಿದರು.

ಸಿಸ್ಟರ್ ಎಂದರೆ ಅಜ್ಜಂಪುರದ ನಿವೃತ್ತ ನರ್ಸು. ಸುತ್ತಲಿನ ಮೂರು ತಾಲ್ಲೂಕಿನ ರಕ್ತದಾನಿಗಳನ್ನು ಸೇರಿಸಿ ಒಂದು ಸಂಘ ಕಟ್ಟಿದವರು. ಯಾರಿಗೆ ರಕ್ತ ಬೇಕಾದರೂ ಮೊದಲು ಅವರಿಗೇ ಫೋನು ಹೋಗುತ್ತದೆ. ಅವರು ಪಟ್ಟಿ ನೋಡಿ, ಹತ್ತಿರವಿರುವ ದಾನಿಗೆ ಹೇಳಿ ಕಳಿಸುತ್ತಾರೆ. ಆ ಪಟ್ಟಿಯಿರುವ, ಅಜ್ಜಂಪುರದ ಸಂಘದ ಕೋಣೆಯ ಕಂಪ್ಯೂಟರು ನನ್ನ ಜವಾಬ್ದಾರಿ. ನಾನು ಕಡೂರಿನಲ್ಲಿ ಮನೆಯಿಂದಲೇ ಕೆಲಸ ಮಾಡುವವಳು. ಕ್ಲಿನಿಕ್ಕು, ಶಾಲೆ, ಕೊಬ್ಬರಿ ಮಂಡಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಹೊಟ್ಟೆಪಾಡು, ಸಂಘದ್ದು ಮನಸ್ಸಿಗೆ.

"ಎಲ್ಲಿದೀಯೇ?" ಅಂದರು. ದನಿ ಎಂದಿನಂತಿರಲಿಲ್ಲ. "ತರೀಕೆರೆಗೆ ಬಂದಿದೀನಿ. ಇಲ್ಲೊಬ್ಳು ಬಸುರಿ. ಎಂಟು ತಿಂಗ್ಳು. ರಾತ್ರಿಯಿಂದ ರಕ್ತ ಹೋಗಿ ಈಗ ಸ್ವಲ್ಪ ನಿಂತೈತೆ. ಆಪರೇಷನ್ ಮಾಡ್ಬೇಕು. ಶಿವಮೊಗ್ಗದ ರಕ್ತನಿಧಿಗೆ ಸ್ಯಾಂಪಲ್ ಕಳ್ಸಿದ್ರೆ ಯಾವ್ ಬಾಟ್ಲಿನೂ ಹೊಂದ್ತಿಲ್ಲ. ಬಾಂಬೆ ಗುಂಪಂತೆ."

ಬಾಂಬೆ ಗುಂಪಿನ ವಿಷಯವನ್ನು ನನಗೆ ಹೇಳಿಕೊಟ್ಟವರೇ ಅವರು. ಸಾಮಾನ್ಯ ಪರೀಕ್ಷೆಯಲ್ಲಿ ಅದು ಓ ಗುಂಪಿನ ಹಾಗೆಯೇ ಕಾಣುತ್ತದೆ. ಆದರೆ ಓ ಗುಂಪಿನ ರಕ್ತ ಕೊಟ್ಟರೆ ಆ ಮೈ ತಡೆಯುವುದಿಲ್ಲ. ಬಾಂಬೆ ಗುಂಪಿನವರಿಗೆ ಬಾಂಬೆ ಗುಂಪಿನವರದ್ದೇ ಆಗಬೇಕು. ಅಂಥವರು ಸಾವಿರಾರು ಜನರಲ್ಲಿ ಒಬ್ಬರು ಸಿಕ್ಕರೆ ಸಿಕ್ಕರು.

"ನಮ್ಮತ್ರ ಇಬ್ರು ಇದ್ರಲ್ಲ ಸಿಸ್ಟರ್," ಅಂದೆ.

"ಅದ್ಕೇ ನಿಂಗ್ ಫೋನ್ ಮಾಡಿದ್ದು. ಇದ್ರು ಕಣೇ, ನಾನೇ ಕೈಯಾರ ಟೈಪ್ ಮಾಡಿದ್ದೆ. ಗುರುವಾರ ನೀನು ಹಾಕಿಸ್ಕೊಟ್ಟ ಪ್ರಿಂಟು ನನ್ ಬ್ಯಾಗಲ್ಲೇ ಐತೆ. ಅದ್ರಲ್ಲಿ ಬಾಂಬೆ ಅಂತ ಒಬ್ರೂ ಇಲ್ಲ."

ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಕೈಯಲ್ಲಿದ್ದ ಹೂವಿನ ದಾರ ಕೆಳಗಿಟ್ಟೆ.

ಹೀಗೆ ಆಗಿತ್ತು. ಹಳೆಯ ಪಟ್ಟಿಯಲ್ಲಿ ರಕ್ತದ ಗುಂಪನ್ನು ಅವರವರ ಮನಸ್ಸಿಗೆ ಬಂದಂತೆ ತುಂಬಿದ್ದರು. ಒಬ್ಬರು 'ಓ' ಎಂದು ಕನ್ನಡದಲ್ಲಿ, ಒಬ್ಬರು ಇಂಗ್ಲಿಷಿನಲ್ಲಿ, ಇನ್ನೊಬ್ಬರು ಸೊನ್ನೆ ಹಾಕಿ. ನಾಲ್ಕು ವಾರದ ಹಿಂದೆ ಒಂದು ಸೋಮವಾರ ನಾನು ಪ್ರೋಗ್ರಾಮಿನ ಹೊಸ ಆವೃತ್ತಿ ಹಾಕಿ, ಆ ಗೊಂದಲವನ್ನೆಲ್ಲ ಒಂದೇ ಏಟಿಗೆ ಸರಿ ಮಾಡಿದ್ದೆ. ಎಂಟು ಗುಂಪುಗಳ ಪಟ್ಟಿ ಕೊಟ್ಟು, ಪ್ರತಿಯೊಬ್ಬರನ್ನೂ ಯಾವುದಾದರೂ ಒಂದಕ್ಕೆ ಸೇರಿಸುವಂತೆ ಹೇಳಿದ್ದೆ. ಸಿಸ್ಟರ್ ಆ ಇಬ್ಬರ ಮುಂದೆ 'ಓ ಪಾಸಿಟಿವ್ - ಬಾಂಬೆ' ಎಂದು ಬರೆದಿದ್ದರು. ಪ್ರೋಗ್ರಾಮು ಮೊದಲಿನೆರಡು ಪದ ನೋಡಿ ಉಳಿದದ್ದನ್ನು ಕತ್ತರಿಸಿ ಎಸೆದಿತ್ತು. ಅಳಿದುಹೋಗಿದ್ದರೆ ಯಾರಾದರೂ ಗಮನಿಸುತ್ತಿದ್ದರೋ ಏನೋ. ಅವರು ಅಳಿದಿರಲಿಲ್ಲ. ಸಾವಿರಕ್ಕೂ ಮೀರಿದ ಓ ಗುಂಪಿನವರ ನಡುವೆ ಓರಣವಾಗಿ ಸೇರಿಹೋಗಿದ್ದರು. ಆ ಸೋಮವಾರ ಸಂಜೆ ಪಟ್ಟಿ ಎಷ್ಟು ಚೆಂದ ಕಾಣುತ್ತಿದೆ ಎಂದು ನಾನು ಗಂಡನಿಗೆ ಕರೆದು ತೋರಿಸಿದ್ದೆ.

"ಅವ್ರ ಹೆಸ್ರು ನೆನಪಿದ್ಯಾ ಸಿಸ್ಟರ್?"

"ಒಬ್ರು ಕಡೂರ್ ಕಡೆಯೋರು. ಇನ್ನೊಬ್ಳು ಹೆಣ್ಮಗಳು. ಕ್ಯಾಂಪಲ್ಲಿ ನೂರಾರು ಜನ ಬತ್ತಾರೆ, ನನ್ ತಲೇಲಿ ಎಷ್ಟಂತ ಉಳಿತೈತೆ? ಕಂಪ್ಯೂಟರಲ್ಲಿ ಐತಲ್ಲ ಅಂತ ಫಾರಂನೂ ಇಟ್ಕಳ್ಳಲಿಲ್ಲ."

"ಹಳೇ ಪ್ರತಿಯಲ್ಲಿ ಇರುತ್ತೆ. ತೆಗೀತೀನಿ. ಹತ್ತು ನಿಮಿಷ ಕೊಡಿ," ಅಂದೆ. ಹೇಳಿ ಮುಗಿಸುವ ಮೊದಲೇ, ಆ ಪ್ರತಿಗೆ ಉಳಿದಿರುವುದು ಒಂದು ಗಂಟೆಯಷ್ಟೇ ಎಂದು ಹೊಳೆಯಿತು.

ಅದು ಯಾಕೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಸಂಘದ ಪ್ರೋಗ್ರಾಮು ಓಡುವುದು ಕಂಟೈನರಿನಲ್ಲಿ. ಕಂಟೈನರ್ ಎಂದರೆ ಒಂದು ಪ್ರೋಗ್ರಾಮಿಗೆ ಬೇಕಾದದ್ದನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿಟ್ಟ ಹಾಗೆ. ಕೆಟ್ಟರೆ ಗಂಟನ್ನೇ ಎಸೆದು ಹೊಸದು ಕಟ್ಟಬಹುದು. ಆದರೆ ಒಳಗಿರುವ ಮಾಹಿತಿಯೂ ಗಂಟಿನ ಜೊತೆಗೇ ಹೋಗುತ್ತದೆ. ಆದ್ದರಿಂದ ಮಾಹಿತಿಯನ್ನು ಹೊರಗೆ ಬೇರೆ ಕಡೆ ಇಟ್ಟು, ಅದಕ್ಕೆ ದಿನಾ ಪ್ರತಿ ತೆಗೆಯಬೇಕು. ತೆಗೆದ ಪ್ರತಿಗಳನ್ನು ಎಷ್ಟು ದಿನ ಇಡಬೇಕು, ಯಾವಾಗ ಅಳಿಸಬೇಕು ಎಂದು ಒಂದು ವೇಳಾಪಟ್ಟಿಯನ್ನೂ ಬರೆಯಬೇಕು. ಇಲ್ಲದಿದ್ದರೆ ಡಿಸ್ಕ್ ತುಂಬಿ ಎಲ್ಲವೂ ನಿಲ್ಲುತ್ತದೆ.

ಆ ವೇಳಾಪಟ್ಟಿಯನ್ನು ಬರೆದವಳು ನಾನು. ದಿನದ ಪ್ರತಿಗಳು ಏಳು. ಭಾನುವಾರದ ಪ್ರತಿಗಳು ನಾಲ್ಕು. ಮೊದಲು ತಿಂಗಳಿಗೊಂದರಂತೆ ಆರು ತಿಂಗಳದ್ದನ್ನೂ ಇಡುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಡಿಸ್ಕ್ ತುಂಬಿತೆಂದು ಎಚ್ಚರಿಕೆ ಬಂದಾಗ, ಸಾರಿಗೆ ಒಗ್ಗರಣೆ ಹಾಕುತ್ತಾ, ಒಂದು ಕೈಯಲ್ಲಿ ಲ್ಯಾಪ್‌ಟಾಪು ಹಿಡಿದು ಆ ಸಾಲನ್ನು ಅಳಿಸಿದ್ದೆ. ಯಾರನ್ನೂ ಕೇಳಿರಲಿಲ್ಲ. ನಾಲ್ಕು ವಾರ ಸಾಕಲ್ಲ ಅನ್ನಿಸಿತ್ತು.

ಇಂದು ಭಾನುವಾರ. ಹೊಸ ಆವೃತ್ತಿ ಹಾಕಿದ್ದು ನಾಲ್ಕು ವಾರದ ಹಿಂದಿನ ಭಾನುವಾರದ ಮಾರನೇ ದಿನ. ಬಾಂಬೆ ಎಂಬ ಪದ ಉಳಿದಿದ್ದ ಕಟ್ಟಕಡೆಯ ಪ್ರತಿ ಆ ಭಾನುವಾರದ್ದು. ಮಧ್ಯಾಹ್ನ ಹನ್ನೆರಡಕ್ಕೆ ಹೊಸ ಪ್ರತಿ ತೆಗೆದ ಕೂಡಲೇ ಅದು ಐದನೆಯದಾಗುತ್ತದೆ. ಪ್ರೋಗ್ರಾಮು ಅದನ್ನು ಅಳಿಸಿಬಿಡುತ್ತದೆ. ಅಜ್ಜಂಪುರದಲ್ಲಿ ರಾತ್ರಿ ಕರೆಂಟು ಕೈಕೊಡುತ್ತದೆಂದು ಆ ಕೆಲಸವನ್ನು ಹನ್ನೆರಡಕ್ಕೆ ಇಟ್ಟವಳೂ ನಾನೇ.

ಗಡಿಯಾರ ನೋಡಿದೆ. ಹನ್ನೊಂದಕ್ಕೆ ಎಂಟು ನಿಮಿಷ.

ಫೋನಿನಿಂದಲೇ ಸಂಘದ ಕಂಪ್ಯೂಟರಿಗೆ ಹೋಗಲು ನೋಡಿದೆ. ಸಿಗಲಿಲ್ಲ. ಸಿಗ್ನಲ್ ಇಲ್ಲವೆಂದು ಮಹಡಿ ಹತ್ತಿ, ನೀರಿನ ಟ್ಯಾಂಕಿನ ಪಕ್ಕ ನಿಂತು ಮತ್ತೆ ನೋಡಿದೆ. ಆಗ ನೆನಪಾಯಿತು. ನೀರಿನ ಪೈಪಿಗೆ ರಸ್ತೆ ಅಗೆಯುವಾಗ ಇಂಟರ್ನೆಟ್ಟಿನ ಕೇಬಲ್ಲು ಕತ್ತರಿಸಿಹೋಗಿ ಸಂಘದ ಕೋಣೆಗೆ ಮೂರು ದಿನದಿಂದ ಸಂಪರ್ಕವಿಲ್ಲ. ಬೇರೆ ಊರಿನಲ್ಲಿ ಇನ್ನೊಂದು ಪ್ರತಿ ಇಡಬೇಕೆಂಬುದು ಈ ಕೆಲಸದ ಮೊದಲ ಪಾಠ. ದಾನಿಗಳ ಫೋನು ನಂಬರು ಆ ಕೋಣೆ ಬಿಟ್ಟು ಹೊರಗೆ ಹೋಗಬಾರದೆಂದು ಸಿಸ್ಟರ್ ಹಟ ಹಿಡಿದಿದ್ದರು. ಅವರನ್ನು ಒಪ್ಪಿಸುವ ಕೆಲಸವನ್ನು ನಾನು ನಾಳೆ ನಾಳೆ ಎಂದು ಮುಂದೂಡುತ್ತಲೇ ಬಂದಿದ್ದೆ.

ಕೆಳಗಿಳಿದು ಗಂಡನಿಗೆ ಹೇಳಿದೆ. ಅವರು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರು. ಏನು ಯಾಕೆ ಎಂದು ಕೇಳದೆ ಕಾರಿನ ಕೀ ತೆಗೆದುಕೊಂಡರು. ಅತ್ತೆ ಬಾಗಿಲಲ್ಲಿ ಅಡ್ಡ ನಿಂತರು. "ಹೆಸ್ರಿಡೋ ಹೊತ್ತಿಗೆ ಸೋದರಮಾವ, ಅತ್ತೆ ಇಬ್ರೂ ಎದ್ದೋದ್ರೆ ಹೆಂಗಮ್ಮಾ? ಮಗಿನ ಕಿವೀಲಿ ಹೆಸ್ರು ಹೇಳೋರ್ಯಾರು?"

"ಅತ್ತೆ, ಒಬ್ಳು ಬಸುರಿ ಜೀವ..." ಅಂದೆ. ಅಷ್ಟಕ್ಕೇ ಅವರು ಪಕ್ಕಕ್ಕೆ ಸರಿದರು.

ಅಜ್ಜಂಪುರ ಹನ್ನೆರಡರೊಳಗೆ ಮುಟ್ಟುವ ದೂರವಲ್ಲ. ಅಲ್ಲಿರುವ ಯಾರಾದರೂ ಆ ಕಂಪ್ಯೂಟರನ್ನು ಆರಿಸಬೇಕಿತ್ತು. ಸಂಘದ ಕೋಣೆ ಒಂದು ಹಿಟ್ಟಿನ ಗಿರಣಿಯ ಮಗ್ಗುಲಲ್ಲಿದೆ. ಇನ್ನೊಂದು ಕೀ ಗಿರಣಿಯವರ ಹತ್ತಿರವೇ ಇರುತ್ತದೆ. ಕಾರಿನಿಂದ ಅವರಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಗಿರಣಿ ಓಡುವಾಗ ಅವರಿಗೆ ಫೋನು ಕೇಳಿಸುವುದಿಲ್ಲವೆಂದು ಗೊತ್ತಿತ್ತು. ಭಾನುವಾರ ರಾಗಿ ಬೀಸಿಸುವವರು ಹೆಚ್ಚು. ಕಡೂರಿನ ಮನೆಯ ಮುಂದೆ ಕಾರು ನಿಲ್ಲಿಸಿ, ಓಡಿಹೋಗಿ ಲ್ಯಾಪ್‌ಟಾಪಿನ ಚೀಲ, ಸ್ಕ್ರೂ ಡ್ರೈವರು, ಡಿಸ್ಕ್ ಜೋಡಿಸುವ ಕೇಬಲ್ಲು ಎತ್ತಿಕೊಂಡು ಬಂದೆ. ಅಷ್ಟರಲ್ಲಿ ಹನ್ನೊಂದೂ ಮುಕ್ಕಾಲು. ಒಂಬತ್ತನೆಯ ಸಲವೋ ಹತ್ತನೆಯ ಸಲವೋ ಫೋನು ಎತ್ತಿದರು.

"ಏನಕ್ಕಾ, ಇಷ್ಟ್ ಸಲ ಮಾಡಿದ್ದೀರಾ?"

"ಅಣ್ಣಾ, ಈಗಿಂದೀಗ ನಮ್ ಕೋಣೆ ಬೀಗ ತೆಗೀರಿ. ಟೇಬಲ್ ಕೆಳಗಿರೋ ಕಂಪ್ಯೂಟರು ಆಫ್ ಮಾಡ್ಬೇಕು. ಹನ್ನೆರಡರೊಳಗೆ."

"ಅಯ್ಯೋ, ನಂಗದೆಲ್ಲಾ ಬರಲ್ಲ ಕಣಕ್ಕ. ಏನಾರ ಹೆಚ್ಚುಕಮ್ಮಿ ಆಗ್ಬುಟ್ರೆ?"

"ಆದ್ರೂ ಪರವಾಗಿಲ್ಲ. ಫೋನು ಕಿವೀಲೇ ಇಟ್ಕೊಂಡು ಹೋಗಿ."

ಗಿರಣಿಯ ಸದ್ದು ನಿಂತಿತು. ಯಾರೋ ಹೆಂಗಸು ತಮ್ಮ ಹಿಟ್ಟು ಅರ್ಧಕ್ಕೇ ನಿಂತಿತೆಂದು ಕೂಗಿದರು. ಬೀಗ ತೆಗೆದ ಸದ್ದು. "ಇಲ್ ಬಂದೆ. ಗೋಡೆ ಸ್ವಿಚ್ಚು ಆರಿಸ್ದೆ ಕಣಕ್ಕ."

"ದೀಪ ಆರಿತಾ?"

"ಇಲ್ಲ. ಉರೀತೈತೆ. ಇದ್ಯಾವ್ದೋ ಡಬ್ಬಿ ಕೀಂಯ್ ಕೀಂಯ್ ಅಂತ ಬಡ್ಕಳ್ತಾ ಐತೆ."

ಯುಪಿಎಸ್ಸು. ಕರೆಂಟು ಹೋದರೂ ಒಂದು ಗಂಟೆ ಓಡಲಿ ಎಂದು ಒಳ್ಳೆಯದನ್ನೇ ನೋಡಿ ತಂದಿದ್ದೆ. "ಕಂಪ್ಯೂಟರಿನ ಮುಂದೆ ದುಂಡಗಿನ ಗುಂಡಿ ಇದೆ ನೋಡಿ ಅಣ್ಣಾ. ಅದನ್ನ ಒತ್ತಿ ಹಿಡ್ಕೊಳ್ಳಿ. ದೀಪ ಆರೋವರ್ಗೂ ಬಿಡ್ಬೇಡಿ."

ಹಾಗೆ ದಿಢೀರನೆ ಆರಿಸಿದರೆ ಡಿಸ್ಕಿನಲ್ಲಿರುವುದೇ ಕೆಡಬಹುದು. ಅದೂ ಗೊತ್ತಿತ್ತು. ಆದರೆ ಸುಮ್ಮನಿದ್ದರೆ ಹೋಗುವುದು ಖಂಡಿತ. ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸುತ್ತಾ ಕಾರಿನ ಗಡಿಯಾರ ನೋಡುತ್ತಿದ್ದೆ. ಹನ್ನೊಂದು ಐವತ್ನಾಲ್ಕು.

"ಆರೋಯ್ತು," ಅಂದರು.

ಸೀಟಿಗೆ ಒರಗಿದೆ. ಗಂಡ ನೀರಿನ ಬಾಟಲಿ ಕೊಟ್ಟರು. ಬೀರೂರು ದಾಟುವಾಗ ರೈಲ್ವೆ ಗೇಟು ಬಿದ್ದಿತ್ತು. ಹಿಂದೆಯೂ ಹೋಗಲಾಗದೆ ಮುಂದೆಯೂ ಹೋಗಲಾಗದೆ ನಿಂತಿದ್ದಾಗ ಗಿರಣಿಯವರೇ ಫೋನು ಮಾಡಿದರು. ಹನ್ನೆರಡೂ ಕಾಲು.

"ಹನ್ನೆರಡು ಗಂಟೆ ಕಳೀತಲ್ಲಕ್ಕಾ, ಕಂಪ್ಯೂಟರ್ ಮತ್ತೆ ಹಾಕ್ಬುಡ್ಲಾ? ಗುಂಡಿ ಮೇಲೆ ಬೆಟ್ಟು ಇಟ್ಕಂಡೇ ಕೇಳ್ತಾ ಇದೀನಿ."

ಹಾಕಿ ಎನ್ನಲು ಬಾಯಿ ತೆರೆದಿದ್ದೆ. ಗಂಟೆ ಕಳೆಯಿತು, ಇನ್ನು ಮುಂದಿನ ಭಾನುವಾರದವರೆಗೆ ಭಯವಿಲ್ಲ ಎಂದುಕೊಂಡಿದ್ದೆ. ಅಷ್ಟರಲ್ಲಿ ಇನ್ನೊಂದು ಸಾಲು ಕಣ್ಣ ಮುಂದೆ ಬಂತು, ಅದೂ ನಾನು ಬರೆದದ್ದೇ. ಕರೆಂಟಿಲ್ಲದೆ ಹೊತ್ತು ತಪ್ಪಿದ್ದರೆ, ಕಂಪ್ಯೂಟರು ಎದ್ದ ಕೂಡಲೇ ತಪ್ಪಿದ ಕೆಲಸವನ್ನು ಮೊದಲು ಮುಗಿಸು.

"ಬೇಡ!" ಎಂದು ಕಿರುಚಿದೆ. ಪಕ್ಕದ ಆಟೋದವನು ತಿರುಗಿ ನೋಡಿದ. "ಮುಟ್ಬೇಡಿ ಅಣ್ಣಾ! ಬೀಗ ಹಾಕಿ ಹೊರಗೆ ಬಂದ್ಬಿಡಿ. ಯಾರೂ ಒಳಗೆ ಹೋಗೋದು ಬೇಡ."

"ಆಯ್ತು ಆಯ್ತು, ಬಂದೆ, ಬಂದೆ," ಎಂದರು ಪಾಪ, ಗಾಬರಿಯಿಂದ. ಗೇಟು ತೆಗೆದ ಕೂಡಲೇ ಅಜ್ಜಂಪುರದ ದಾರಿ ಹಿಡಿದೆವು.

ಕೋಣೆಗೆ ಬಂದವಳೇ ಕಂಪ್ಯೂಟರಿನ ಮುಚ್ಚಳ ಬಿಚ್ಚಿ, ಪ್ರತಿಗಳಿರುವ ಡಿಸ್ಕನ್ನು ಹೊರತೆಗೆದು ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಏನನ್ನೂ ಬರೆಯದೆ, ಬರೀ ಓದುವಂತೆ ತೆರೆದೆ. ನಾಲ್ಕು ಭಾನುವಾರಗಳೂ ಇದ್ದವು. ಹಳೆಯದರಲ್ಲಿ ಪೆಟ್ಟಾಗಿದೆಯೇ ಎಂದು ಪರೀಕ್ಷೆಗೆ ಹಚ್ಚಿದೆ. ಅದು ಮುಗಿಯಲು ಹನ್ನೊಂದು ನಿಮಿಷ ತೆಗೆದುಕೊಂಡಿತು. ಆ ಹನ್ನೊಂದು ನಿಮಿಷದಲ್ಲಿ ತರೀಕೆರೆಯ ಡಾಕ್ಟರಮ್ಮ ಎರಡು ಸಲ ಫೋನು ಮಾಡಿದರು.

"ಹುಡುಗಿ ತಮ್ಮನ ರಕ್ತನೂ ನೋಡಿದ್ವಿ, ಹೊಂದಲಿಲ್ಲ. ರಕ್ತಸ್ರಾವ ಮತ್ತೆ ಯಾವ ಗಳಿಗೆಯಲ್ಲಿ ಶುರುವಾಗುತ್ತೋ ಹೇಳಕ್ಕಾಗಲ್ಲ. ನಿಮ್ಮ ಹತ್ರ ಇದೆಯೋ ಇಲ್ವೋ, ಅದನ್ನಾದ್ರೂ ಹೇಳಿ."

"ಇದೆ ಮೇಡಂ, ತೆಗೀತಿದೀನಿ," ಎಂದೆ. ಇದೆಯೆಂದು ನನಗೇ ಗೊತ್ತಿರಲಿಲ್ಲ.

ಪ್ರತಿ ಸರಿಯಿತ್ತು. ಲ್ಯಾಪ್‌ಟಾಪಿನಲ್ಲಿ ಹೊಸದೊಂದು ಕಂಟೈನರ್ ಕಟ್ಟಿ ಆ ಭಾನುವಾರದ ಪಟ್ಟಿಯನ್ನು ಅದರೊಳಗೆ ತೆರೆದೆ. ಬಾಂಬೆ ಎಂದು ಹುಡುಕಿದೆ. ಎರಡು ಸಾಲು ಬಂದವು.

ಮೊದಲನೆಯದು ದೇವನೂರಿನ ಒಬ್ಬರು. ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವರು. ಎರಡನೆಯ ಹೆಸರು ನನಗೆ ಗೊತ್ತಿತ್ತು. ಬೀರೂರಿನ ಒಬ್ಬ ಹೆಣ್ಣುಮಗಳು. ಎರಡು ವಾರದ ಹಿಂದೆ ಆಕೆ ನನಗೇ ಫೋನು ಮಾಡಿದ್ದರು. ರಕ್ತ ಕೊಡುವುದು ಗಂಡನ ಮನೆಯವರಿಗೆ ಸೇರುವುದಿಲ್ಲ, ಯಾರೋ ಅಪರಿಚಿತರು ಫೋನು ಮಾಡಿದ್ದಕ್ಕೆ ಮನೆಯಲ್ಲಿ ದೊಡ್ಡ ರಾದ್ಧಾಂತವಾಗಿದೆ, ನನ್ನ ಹೆಸರು ಪೂರ್ತಿ ತೆಗೆದುಬಿಡಿ ಎಂದು ಬೇಡಿಕೊಂಡಿದ್ದರು. ತೆಗೆದಿದ್ದೆ. "ಎಲ್ಲೂ ಇಲ್ಲ ಈಗ, ನೆಮ್ಮದಿಯಾಗಿರಿ," ಎಂದು ಹೇಳಿಯೂ ಇದ್ದೆ. ಈಗ ಅವರ ಹೆಸರು, ನಂಬರು, ಮನೆಯ ವಿಳಾಸ ಎಲ್ಲವೂ ನನ್ನ ಕಣ್ಣ ಮುಂದೆ ಇದ್ದವು.

ದೇವನೂರಿನವರಿಗೆ ಫೋನು ಮಾಡಿದೆ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಮಾಡಿದೆ. ಮತ್ತೂ ಹಾಗೆಯೇ. ಸಿಸ್ಟರಿಗೆ ಫೋನು ಮಾಡಿ ಎರಡನ್ನೂ ಹೇಳಿದೆ.

"ದೇವನೂರಲ್ಲಿ ಆಶಾ ಕಾರ್ಯಕರ್ತೆ ನಂಗೊತ್ತು, ಅವ್ರ ಮನೆಗೆ ಓಡ್ಸ್ತೀನಿ," ಎಂದರು ಸಿಸ್ಟರ್. "ಆ ಹೆಣ್ಮಗಳ ನಂಬರ್ ಹೇಳು."

"ಸಿಸ್ಟರ್, ಅಳಿಸಿದೀನಿ ಅಂತ ಮಾತು ಕೊಟ್ಟಿದೀನಿ."

ಆ ಕಡೆ ಆಸ್ಪತ್ರೆಯ ಜನರ ಗದ್ದಲ ಕೇಳುತ್ತಿತ್ತು. ಸಿಸ್ಟರ್ ಮೆಲ್ಲಗೆ ಅಂದರು, "ಇಲ್ಲಿ ಈ ಹುಡುಗಿ ನನ್ ಕೈ ಹಿಡ್ಕಂಡು ಬಿಡ್ತಿಲ್ಲ ಕಣೇ. ಒಂದೇ ಒಂದ್ ಸಲ ಕೇಳ್ತೀನಿ. ಆಗಲ್ಲ ಅಂದ್ರೆ ಅಲ್ಲಿಗ್ ಬಿಟ್ಬಿಡ್ತೀನಿ."

ನಂಬರು ಹೇಳಿದೆ. ಹೇಳಿದ್ದು ತಪ್ಪೋ ಸರಿಯೋ ಎಂದು ಈಗಲೂ ನನಗೆ ತಿಳಿಯುವುದಿಲ್ಲ. ಹೇಳದೇ ಇದ್ದಿದ್ದರೆ ಆ ಮಧ್ಯಾಹ್ನವನ್ನು ಹೇಗೆ ಕಳೆಯುತ್ತಿದ್ದೆನೋ ಅದೂ ತಿಳಿಯುವುದಿಲ್ಲ.

ಐದು ನಿಮಿಷದಲ್ಲಿ ಸಿಸ್ಟರ್ ಮತ್ತೆ ಫೋನು ಮಾಡಿದರು. "ನಂಬರ್ ತೆಗ್ದಿದೀವಿ ಅಂದಿದ್ರಲ್ಲ, ಸುಳ್ಳು ಹೇಳಿದ್ರಾ, ಅಂದ್ರು. ಫೋನ್ ಇಟ್ಬಿಟ್ರು." ಅಷ್ಟೇ ಹೇಳಿದರು. ಕೆನ್ನೆಗೆ ಹೊಡೆದಂತಾಯಿತು.

ಎರಡು ಗಂಟೆಯ ಹೊತ್ತಿಗೆ ದೇವನೂರಿನಿಂದ ಸುದ್ದಿ ಬಂತು. ಅವರು ಊರಾಚೆ ಯಾರದೋ ತೋಟದಲ್ಲಿ ಬೋರ್‌ವೆಲ್ಲಿನಿಂದ ಪಂಪು ಎತ್ತುತ್ತಿದ್ದರು. ಫೋನು ಗಾಡಿಯ ಸೀಟಿನ ಕೆಳಗಿತ್ತು. ಆಶಾ ಕಾರ್ಯಕರ್ತೆ ಯಾರದೋ ಬೈಕು ಹತ್ತಿ ಅಲ್ಲಿಗೇ ಹೋಗಿ, ತಮ್ಮ ಫೋನನ್ನು ಅವರ ಕೈಗೆ ಕೊಟ್ಟರು.

ವಿಷಯ ಹೇಳಿದೆ. "ಈ ಪೈಪು ಅರ್ಧಕ್ಕೆ ಬಂದೈತೆ ಕಣ್ರೀ," ಅಂದರು. "ಕೈಬಿಟ್ರೆ ಮೋಟಾರ್ ಒಳಕ್ಕೋಗ್ಬುಡ್ತದೆ. ಇಪ್ಪತ್ತು ನಿಮಿಷ ಟೈಮ್ ಕೊಡಿ. ಕ್ಲಾಂಪ್ ಹಾಕಿ ಬತ್ತೀನಿ. ಎಲ್ಲಿಗ್ ಬರ್ಬೇಕು?"

"ಶಿವಮೊಗ್ಗಕ್ಕೆ. ದೂರ ಆಗುತ್ತೆ."

"ದೂರ ಇರ್ಲಿ. ಊಟ ಮಾಡ್ಕಂಡ್ ಬರ್ಬೇಕಾ, ಮಾಡ್ದೇ ಬರ್ಬೇಕಾ?"

ಆ ಪ್ರಶ್ನೆಗೆ ನನಗೆ ಅಳು ಬಂದುಬಿಟ್ಟಿತು. ಊಟ ಮಾಡಿಯೇ ಬನ್ನಿ ಎಂದೆ.

ಗಂಡ ಕಾರು ತೆಗೆದುಕೊಂಡು ಕಡೂರಿಗೆ ವಾಪಸು ಹೋದರು. ದೇವನೂರಿನವರು ಬೈಕಿನಲ್ಲಿ ಅಲ್ಲಿಯವರೆಗೆ ಬಂದು ಕಾರು ಹತ್ತಿದರು. ತರೀಕೆರೆ ದಾಟುವಾಗ ನಾಲ್ಕೂವರೆ. ಬಟ್ಟೆಯ ಮೇಲೆಲ್ಲ ಕೆಂಪು ಮಣ್ಣು ಹಾಗೇ ಇತ್ತಂತೆ. ದಾರಿಯುದ್ದಕ್ಕೂ ರಕ್ತದ ಬಗ್ಗೆ ಒಂದು ಮಾತೂ ಆಡದೆ, ಕಾರಿನ ಮುಂದಿನ ಗಾಲಿಯಲ್ಲಿ ಏನೋ ಸದ್ದು ಬರುತ್ತಿದೆ, ಬೇರಿಂಗ್ ತೋರಿಸಿ ಎಂದು ಹೇಳುತ್ತಿದ್ದರಂತೆ.

ನಾನು ಅಜ್ಜಂಪುರದ ಕೋಣೆಯಲ್ಲೇ ಉಳಿದೆ. ಹೋಗಿ ಮಾಡುವಂಥದ್ದೇನೂ ಇರಲಿಲ್ಲ. ಗಿರಣಿಯವರು ಚಹಾ ತಂದಿಟ್ಟರು. ಐದೂವರೆಗೆ ಶಿವಮೊಗ್ಗ ಸೇರಿದರೆಂದು ಫೋನು. ಆರಕ್ಕೆ ಪರೀಕ್ಷೆ. ಬಾಂಬೆ ಗುಂಪೇ, ಹೊಂದುತ್ತದೆ ಎಂದು ಆರೂ ಮುಕ್ಕಾಲಿಗೆ. ಆಗ ಎದ್ದು ಹೊರಗೆ ಬಂದು ಗಿರಣಿಯ ಜಗಲಿಯ ಮೇಲೆ ಕುಳಿತೆ. ಬೆಳಿಗ್ಗೆ ಅರ್ಧಕ್ಕೇ ನಿಂತ ರಾಗಿ ಹಿಟ್ಟಿನ ಹೆಂಗಸಿಗೆ ಗಿರಣಿಯವರು ಕಥೆ ಹೇಳುತ್ತಿದ್ದರು. ಅವರ ಕಥೆಯಲ್ಲಿ ಕಂಪ್ಯೂಟರು ಸಿಡಿಯುವುದರಲ್ಲಿತ್ತು.

ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಆಪರೇಷನ್. ರಕ್ತದ ಚೀಲ ಪಕ್ಕದಲ್ಲಿತ್ತು. ಪೂರ್ತಿ ಬೇಕಾಯಿತು ಎಂದರು ಡಾಕ್ಟರಮ್ಮ. ಹೆಣ್ಣು ಮಗು, ತೂಕ ಕಡಿಮೆ, ಅತ್ತಿತು. ತಾಯಿ ಎರಡು ದಿನ ಕಣ್ಣು ತೆರೆಯಲೂ ಸುಸ್ತು ಎನ್ನುತ್ತಿದ್ದವಳು ಮೂರನೆಯ ದಿನ ಗಂಜಿ ಕೇಳಿದಳಂತೆ.

ಆ ಗುರುವಾರ ಸಿಸ್ಟರ್ ಕೋಣೆಗೆ ಬಂದರು. ನಡೆದದ್ದನ್ನೆಲ್ಲ ಹೇಳಿದೆ. ಪದ ಕತ್ತರಿಸಿದ್ದು, ತಿಂಗಳ ಪ್ರತಿಗಳನ್ನು ತೆಗೆದುಹಾಕಿದ್ದು, ಅಳಿಸಿದ್ದೇನೆಂದು ಹೇಳಿ ಅಳಿಸದೇ ಉಳಿದದ್ದು. ತಪ್ಪನ್ನು ಯಂತ್ರದ ಮೇಲೆ ಹಾಕಬಹುದಿತ್ತು, ಅವರಿಗೆ ಗೊತ್ತಾಗುತ್ತಿರಲಿಲ್ಲ. ಹಾಕಲು ಮನಸ್ಸಾಗಲಿಲ್ಲ.

ಅವರು ಬೈಯಲಿಲ್ಲ. ಅದೇ ಕಷ್ಟವಾಯಿತು. ಇಷ್ಟು ಮಾತ್ರ ಕೇಳಿದರು, "ಎಷ್ಟು ದಿನ ಇಟ್ಕಬೇಕು, ಯಾವತ್ತು ಬಿಸಾಕ್ಬೇಕು ಅಂತ ನೀನೊಬ್ಳೇ ಹೆಂಗೆ ತೀರ್ಮಾನ ಮಾಡ್ದೆ?"

"ಕಂಪ್ಯೂಟರ್ ವಿಷಯ ಅಲ್ವಾ ಸಿಸ್ಟರ್, ನಿಮಗ್ಯಾಕೆ ತೊಂದ್ರೆ ಅಂತ."

"ಡಿಸ್ಕಲ್ಲಿ ಜಾಗ ಎಷ್ಟೈತೆ ಅನ್ನೋದು ಕಂಪ್ಯೂಟರ್ ವಿಷಯ. ಜನರ ಹೆಸ್ರು ಎಷ್ಟು ದಿನ ಇರ್ಬೇಕು ಅನ್ನೋದು ಕಂಪ್ಯೂಟರ್ ವಿಷಯ ಹೆಂಗಾಯ್ತದೆ?"

ಅಂದು ಸಂಜೆಯವರೆಗೂ ಇಬ್ಬರೂ ಕುಳಿತು ಹೊಸ ವೇಳಾಪಟ್ಟಿ ಬರೆದೆವು. ಅವರು ಕೇಳುವುದು, ನಾನು ವಿವರಿಸುವುದು. ದಾನಿಗಳು ವರ್ಷಕ್ಕೆ ಎಷ್ಟು ಸಲ ರಕ್ತ ಕೊಡುತ್ತಾರೆ, ತಪ್ಪು ಕಣ್ಣಿಗೆ ಬೀಳಲು ಎಷ್ಟು ದಿನ ಬೇಕು, ಇದೆಲ್ಲ ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ದಿನದ್ದು ಹದಿನಾಲ್ಕು, ವಾರದ್ದು ಎಂಟು, ತಿಂಗಳದ್ದು ಹನ್ನೆರಡು ಎಂದು ನಿಂತಿತು. ಪ್ರೋಗ್ರಾಮು ಬದಲಿಸುವ ಮುನ್ನ ತೆಗೆದ ಪ್ರತಿಯನ್ನು, ಇಬ್ಬರೂ ನೋಡಿ ಒಪ್ಪುವವರೆಗೆ ಯಾವ ವೇಳಾಪಟ್ಟಿಯೂ ಮುಟ್ಟುವಂತಿಲ್ಲ. ಇನ್ನೊಂದು ಡಿಸ್ಕು, ಪಾಸ್‌ವರ್ಡ್ ಇಲ್ಲದೆ ಓದಲಾಗದ ಗುಟ್ಟಿನ ಲಿಪಿಯಲ್ಲಿ, ಸಿಸ್ಟರ್ ಅವರ ಮನೆಯ ಬೀರುವಿನಲ್ಲಿ.

ಹೆಸರು ತೆಗೆಯಿರಿ ಎಂದವರದ್ದೇ ಕಷ್ಟವಾಯಿತು. ಹಳೆಯ ಪ್ರತಿಗಳೊಳಗೆ ಹೋಗಿ ಒಂದೊಂದೇ ಹೆಸರು ಕೀಳಲು ಹೋದರೆ ಪ್ರತಿಗಳೇ ಕೆಡುತ್ತವೆ. ಕೊನೆಗೆ, ತೆಗೆಯಬೇಕಾದವರ ಕ್ರಮಸಂಖ್ಯೆಯನ್ನು ಮಾತ್ರ ಬೇರೆ ಬರೆದಿಟ್ಟೆವು. ಹಳೆಯ ಪ್ರತಿ ತೆರೆದಾಗಲೆಲ್ಲ, ಯಾರ ಕಣ್ಣಿಗೂ ಬೀಳುವ ಮೊದಲೇ ಅವರ ಸಾಲುಗಳು ಅಳಿಯುವಂತೆ ಮಾಡಿದೆ. ಒಂದು ವರ್ಷ ಕಳೆದ ಮೇಲೆ ಯಾವ ಪ್ರತಿಯಲ್ಲೂ ಅವರು ಇರುವುದಿಲ್ಲ. ಇನ್ನು ಮುಂದೆ ಯಾರಾದರೂ ಕೇಳಿದರೆ 'ಎಲ್ಲೂ ಇಲ್ಲ' ಎಂದು ಹೇಳಬಾರದು, 'ಒಂದು ವರ್ಷದೊಳಗೆ ಪೂರ್ತಿ ಹೋಗುತ್ತದೆ' ಎಂದು ನಿಜವನ್ನೇ ಹೇಳಬೇಕು. ಇದು ಸಿಸ್ಟರ್ ಹೇಳಿಸಿ ಬರೆಸಿದ ಸಾಲು.

ಬೀರೂರಿನವರ ಮನೆಗೆ ಹೋಗಬಾರದೆಂದು ಇಬ್ಬರೂ ಒಪ್ಪಿದೆವು. ಹೋದರೆ ಇನ್ನೊಂದು ರಾದ್ಧಾಂತ. ಕ್ಷಮೆ ಕೇಳಿ ಫೋನಿಗೆ ನಾಲ್ಕು ಸಾಲು ಬರೆದು ಕಳಿಸಿದೆ. ಯಾರ ರಕ್ತ, ಯಾರ ಮಗು ಏನೂ ಬರೆಯಲಿಲ್ಲ. ಹತ್ತು ದಿನ ಉತ್ತರವಿಲ್ಲ. ಹನ್ನೊಂದನೆಯ ದಿನ, ಬೇರೆ ಯಾವುದೋ ನಂಬರಿನಿಂದ ಅವರೇ ಫೋನು ಮಾಡಿದರು. ಹಿಂದೆ ಬಸ್ ಸ್ಟ್ಯಾಂಡಿನ ಗದ್ದಲ ಕೇಳುತ್ತಿತ್ತು.

"ಆ ಹುಡ್ಗಿ ಉಳಿದ್ಲಾ?"

"ಉಳಿದ್ರು. ಮಗೂನೂ ಚೆನ್ನಾಗಿದೆ."

"ನಾನ್ ಆವತ್ತು ಬೇಕಂತ ಇಟ್ಟಿದ್ದಲ್ಲ. ಅತ್ತೆ ಪಕ್ಕದಲ್ಲೇ ಕೂತಿದ್ರು." ಹಾಗೇ ಮುಂದುವರಿಸಿದರು, "ನೀವು ಮಾಡಿದ್ದೂ ಸರಿಯಲ್ಲ."

"ಸರಿಯಲ್ಲ," ಎಂದೆ. "ತಪ್ಪಾಯ್ತು."

"ನಂಗೂ ನಾಳೆ ಹೆರಿಗೆ ಗಿರಿಗೆ ಅಂತ ಇದ್ದೇ ಇರುತ್ತಲ್ಲ. ನಂಗ್ ಬೇಕಾದ್ರೆ ಯಾರ್ ಕೊಡ್ತಾರೆ? ಆವತ್ತು ಕೊಟ್ರಲ್ಲ, ಅವ್ರ ನಂಬರು ಕೊಡ್ತೀರಾ? ನನ್ ಹೆಸ್ರು ಮಾತ್ರ ಪಟ್ಟೀಲಿ ಬೇಡ."

ಕೊಡುತ್ತೇನೆ ಎಂದು ಹೇಳಲು ನಾಲಿಗೆಯ ತುದಿಯವರೆಗೂ ಬಂತು. "ಅವ್ರನ್ನ ಒಂದ್ಮಾತು ಕೇಳ್ತೀನಿ," ಎಂದೆ. "ಹತ್ತು ನಿಮಿಷ ಅಲ್ಲೇ ಇರ್ತೀರಾ?"

"ಬಸ್ಸು ಬರೋವರ್ಗೂ ಇರ್ತೀನಿ."

ದೇವನೂರಿಗೆ ಫೋನು ಮಾಡಿದೆ. ಈ ಸಲ ಮೊದಲ ಗಂಟೆಗೇ ಎತ್ತಿದರು. ಹೆಸರು ಹೇಳದೆ ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅಂದರು, "ಕೊಡಿ ಕಣ್ರೀ, ಅದ್ರಲ್ಲೇನೈತೆ. ನಮ್ಮನೆಯೋಳ ನಂಬರ್‌ನೂ ಬರ್ಕಳಿ. ಬೋರ್ ಹತ್ರ ಇದ್ರೆ ನಂಗ್ ಕೇಳ್ಸಲ್ಲ."

ಎರಡು ನಂಬರನ್ನೂ ಬರೆದುಕೊಂಡು, ಬಸ್ಸು ಬರುವ ಮೊದಲು ಆಕೆಗೆ ಓದಿ ಹೇಳಿದೆ. ಆಕೆ ತಿರುಗಿ ಒಮ್ಮೆ ಓದಿ, ಸರಿಯಿದೆಯಾ ಎಂದು ಕೇಳಿದರು. ಸರಿಯಿದೆ ಎಂದೆ.